ಹುಣಸೆಹಣ್ಣಿನಲ್ಲಿ ತೊಳೆದ ಕಬ್ಬಿಣ

ಲಕ್ಕೂರು
12 ಜೂನ್ 2024

ಸುಮೇಧಾ,

ಎಷ್ಟೋ ವರ್ಷಗಳ ಮೇಲೆ ನನ್ನ ಕೈಬರಹ ನೋಡಿ ನಿನಗೆ ಆಶ್ಚರ್ಯವಾದೀತು. ನಾವೆಲ್ಲ ಕ್ಷೇಮ ಎಂದು ಬರೆದು ಶುರುಮಾಡುವ ಯೋಗ ಈಗ ನನಗಿಲ್ಲ. ನಾನು ಗಂಗಾಲಕ್ಷ್ಮಿ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಯಲ್ದೂರಿನವಳು. ನಿನ್ನ ವಿಳಾಸ, ಫೋನ್ ನಂಬರು ಎರಡನ್ನೂ ನಿಮ್ಮಣ್ಣ ರಾಘವೇಂದ್ರ ಅವರು ಕೊಟ್ಟರು. ಫೋನ್ ಹಿಡಿದರೆ ನನಗೆ ಅಳು ಬರುತ್ತದೆ, ಮಾತು ಬರುವುದಿಲ್ಲ. ಊರ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು, ಬರೆಯುವುದಾದರೆ ಬರೆಯಬಲ್ಲೆ.

ನನ್ನ ಮಗ ಕಾಂತರಾಜ್ ಹೋಗಿಬಿಟ್ಟ ಕಣೇ. ಯುಗಾದಿ ಕಳೆದು ಬಾಗಿಲಿನ ಮಾವಿನೆಲೆ ಇನ್ನೂ ಒಣಗಿರಲಿಲ್ಲ. ನರಸಾಪುರದ ಒಂದು ಕಾರ್ಖಾನೆಯಲ್ಲಿ ಅವನು ಕ್ರೇನ್ ನಡೆಸುತ್ತಿದ್ದ. ಕೆಳಗೇ ನಿಂತು ಗುಂಡಿ ಒತ್ತಿ ನಡೆಸುವಂಥದ್ದು. ಭಾರದ ಕಬ್ಬಿಣದ ಅಚ್ಚನ್ನು ಎತ್ತುವಾಗ ಕ್ರೇನಿನ ಕೊಕ್ಕೆ ಮುರಿದು ಅಚ್ಚು ಅವನ ಮೇಲೆ ಬಿತ್ತು. ಪಕ್ಕದಲ್ಲಿದ್ದ ವೆಂಕಟ್‌ಗೆ ಒಂದು ಕಾಲು ಹೋಯಿತು. ವೆಂಕಟ್ ಬೇರೆ ಯಾರೂ ಅಲ್ಲ, ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿರುವ ಆವಲಪ್ಪನವರ ಮಗ. ಇಬ್ಬರೂ ಒಂದೇ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು.

ಕಂಪನಿಯವರು ಹೇಳುವುದು ಇಷ್ಟು: ಶಿಫ್ಟು ಮುಗಿಯುತ್ತಾ ಬಂದಿತ್ತು, ಬಸ್ಸು ಹಿಡಿಯುವ ಆತುರದಲ್ಲಿ ಕಾಂತರಾಜ್ ಎರಡು ಅಚ್ಚುಗಳನ್ನು ಒಟ್ಟಿಗೆ ಎತ್ತಿದ, ಭಾರ ತಾಳದೆ ಕೊಕ್ಕೆ ಮುರಿಯಿತು. ವೆಂಕಟ್ ಬೆನ್ನು ತಿರುಗಿಸಿ ನಿಂತಿದ್ದನಂತೆ, ಏನೂ ನೋಡಲಿಲ್ಲ. ನೋಡಿದವರು ಬಾಯಿ ಬಿಡುವುದಿಲ್ಲ, ಅವರಿಗೂ ಹೊಟ್ಟೆಪಾಡು ಇದೆ.

ಅವನ ತಿಥಿಯ ಊಟಕ್ಕೆ ಆವಲಪ್ಪನವರ ಮನೆಯಿಂದ ಒಬ್ಬರೂ ಬರಲಿಲ್ಲ. ಅವರ ಹೆಂಡತಿ ಆದಿಲಕ್ಷ್ಮಮ್ಮ ನನಗೆ ಒಡಹುಟ್ಟಿದವಳ ಹಾಗಿದ್ದಳು. ಈಗ ನಾನು ನೀರಿಗೆ ಬಂದರೆ ಬಿಂದಿಗೆ ಎತ್ತಿಕೊಂಡು ಹೊರಟುಬಿಡುತ್ತಾಳೆ. ಆವಲಪ್ಪ ಬೀದಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, "ನಿನ್ ಮಗ ಬಸ್ಸಿಗೆ ಟೈಮಾಯ್ತು ಅಂತ ನನ್ ಮಗನ ಕಾಲು ತೆಗೆದ್ನಲ್ಲಮ್ಮಾ" ಅಂದರು. ನಿಜವೇ ಇರಬಹುದೇನೋ ಅಂತ ಒಂದು ಗಳಿಗೆ ಅನ್ನಿಸಿತು ನೋಡು, ಆ ಗಳಿಗೆಗೆ ನಾನು ಸಾಯಬೇಕಿತ್ತು.

ಕೊಕ್ಕೆಯ ಮುರಿದ ತುದಿ ನನ್ನ ಹತ್ತಿರ ಇದೆ. ಅವನ ಬೂಟು, ಊಟದ ಡಬ್ಬಿಯ ಜೊತೆ ಯಾರೋ ಚೀಲಕ್ಕೆ ಹಾಕಿ ಕೊಟ್ಟಿದ್ದರು. ಇನ್ನೊಂದು ತುಂಡು ಗುಜರಿಗೆ ಹೋಯಿತು ಅನ್ನುತ್ತಾರೆ ಕಂಪನಿಯವರು. ನೀನು ಮುರಿದ ಕಬ್ಬಿಣ ನೋಡಿ ಅದು ಯಾಕೆ ಮುರಿಯಿತು ಅಂತ ಹೇಳುವ ಪ್ರೊಫೆಸರ್ ಅಂತ ನಿಮ್ಮಣ್ಣ ಹೇಳಿದರು. ಪರಿಹಾರದ ಮಾತು ನನಗೆ ಬೇಡ. ನನ್ನ ಮಗ ತಪ್ಪು ಮಾಡಿದನೋ ಇಲ್ಲವೋ, ಅದೊಂದನ್ನು ಹೇಳು.

ನಿನ್ನ,
ಗಂಗಾ


ಜಮ್‌ಷೆಡ್‌ಪುರ
24 ಜೂನ್ 2024

ನನ್ನ ಗಂಗಾ,

ನಿನ್ನ ಪತ್ರ ಕಾಲೇಜಿಗೆ ಬಂತು. ತರಗತಿಗೆ ಹೋಗುವ ಮೊದಲು ಒಡೆದೆ, ಆಮೇಲೆ ತರಗತಿಗೆ ಹೋಗಲು ಆಗಲಿಲ್ಲ. ಏನು ಬರೆದರೂ ಅದು ನಿನಗೆ ಸಾಲದು ಅಂತ ಗೊತ್ತು. ಕಾಂತರಾಜನನ್ನು ನಾನು ಒಂದೇ ಸಲ ನೋಡಿದ್ದು, ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ, ನಿನ್ನ ಸೊಂಟದ ಮೇಲೆ. ನನ್ನ ಕನ್ನಡಕ ಕಿತ್ತುಕೊಂಡಿದ್ದ.

ನಮ್ಮಣ್ಣ ನನ್ನ ಬಗ್ಗೆ ಏನು ಹೇಳಿದನೋ ಕಾಣೆ. ನಿನಗೆ ಗೊತ್ತಿರುವುದೇ, ಇಂಜಿನಿಯರಿಂಗ್‌ನಲ್ಲಿ ಲೋಹಶಾಸ್ತ್ರ ತೆಗೆದುಕೊಂಡಾಗ ತರಗತಿಗೆಲ್ಲ ನಾನೊಬ್ಬಳೇ ಹುಡುಗಿ. ಕುಲುಮೆಯ ಹತ್ತಿರ ಹೆಂಗಸು ನಿಲ್ಲಬಾರದು ಅನ್ನುತ್ತಿದ್ದ ಮೇಷ್ಟ್ರೂ ಇದ್ದರು. ಅಲ್ಲಿಂದ ಇಲ್ಲಿಯವರೆಗೆ ಮುರಿದದ್ದನ್ನು ನೋಡುವುದೇ ನನ್ನ ಬದುಕಾಯಿತು. ಸೇತುವೆಯ ಬೋಲ್ಟು, ರೈಲಿನ ಗಾಲಿ, ಬಾಯ್ಲರಿನ ಕೊಳವೆ. ಹುಡುಗರು ನನ್ನನ್ನು 'ಮುರುಕು ಮೇಡಂ' ಅಂತ ಕರೆಯುತ್ತಾರೆ, ನನಗೆ ಕೇಳಿಸುವುದಿಲ್ಲ ಅಂದುಕೊಂಡು. ಒಮ್ಮೆ ಒಂದು ದೊಡ್ಡ ಕಂಪನಿ ತನಗೆ ಬೇಕಾದ ಹಾಗೆ ಬರೆಸಿಕೊಳ್ಳಲು ಬಂತು. ನೋಡದ್ದನ್ನು ನಾನು ಬರೆಯುವುದಿಲ್ಲ ಅಂದೆ. ಆಮೇಲೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ನನ್ನ ಪಾಲಿಗೆ ಬರಲೇ ಇಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ನನ್ನ ಹತ್ತಿರ ಇರುವುದು ನೋಡದ್ದನ್ನು ಬರೆಯದವಳು ಅನ್ನುವ ಹೆಸರು ಮಾತ್ರ, ಅದು ನಿನ್ನ ಮಗನ ಕೆಲಸಕ್ಕೆ ಬರಲಿ.

ಈಗ ನಾನು ಹೇಳುವುದನ್ನು ಗಮನವಿಟ್ಟು ಓದು. ಆ ತುಂಡಿನ ಒಡೆದ ಮುಖವನ್ನು ಕೈಯಿಂದ ಮುಟ್ಟಬೇಡ. ಒರೆಸಬೇಡ, ತೊಳೆಯಬೇಡ. ಎಷ್ಟೇ ಕೊಳೆಯಿದ್ದರೂ ಹಾಗೇ ಇರಲಿ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕಳಿಸು. ಕಬ್ಬಿಣ ತನ್ನ ಕಥೆಯನ್ನೆಲ್ಲ ಆ ಮುಖದ ಮೇಲೆಯೇ ಬರೆದಿರುತ್ತದೆ.

ಮಂಡಿ ಆಪರೇಷನ್ ಆಗಿ ನಾನೇ ಬರುವ ಸ್ಥಿತಿಯಲ್ಲಿಲ್ಲ. ಇಲ್ಲವಾದರೆ ಈ ಪತ್ರದ ಬದಲು ನಾನೇ ನಿನ್ನ ಬಾಗಿಲಲ್ಲಿರುತ್ತಿದ್ದೆ.

ನಿನ್ನ,
ಸುಮಿ


ಲಕ್ಕೂರು
25 ಜೂನ್ 2024

ಸುಮಿ,

ನಿನ್ನ ಉತ್ತರಕ್ಕೆ ಕಾಯಲು ಆಗಲಿಲ್ಲ. ಸರ್ಕಾರದ ಕಾರ್ಖಾನೆ ಇಲಾಖೆಯವರು ಆಗಸ್ಟಿನಲ್ಲಿ ವಿಚಾರಣೆ ಮುಗಿಸುತ್ತಾರಂತೆ, ನಿನ್ನ ವರದಿ ಬಂದರೆ ನೋಡುತ್ತಾರಂತೆ. ನೀನು ಒಲ್ಲೆ ಅನ್ನುವವಳಲ್ಲ ಅಂತ ನನಗೆ ನಾನೇ ಹೇಳಿಕೊಂಡು, ಇವತ್ತು ಮಾಲೂರಿಗೆ ಹೋಗಿ ಅಂಚೆಯಲ್ಲಿ ಪಾರ್ಸೆಲ್ ಮಾಡಿಸಿದೆ. ಈ ಪತ್ರ ಅದರ ಜೊತೆಗೇ ಇದೆ.

ಅದು ಬಂದಿದ್ದ ಹಾಗೇ ನಿನಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಅದರ ಮೇಲೆ ಅವನ ರಕ್ತ ಒಣಗಿತ್ತು. ಸಾವಿನ ಮನೆಯ ವಸ್ತು, ನಿನ್ನ ಮನೆಗೆ ಹೋಗುವಂಥದ್ದು. ನಿಮ್ಮಮ್ಮ ವೆಂಕಟರತ್ನಮ್ಮನವರು ಈಗಿಲ್ಲ, ಆದರೂ ನಿಮ್ಮ ಮನೆಯ ಮಡಿ ನನಗೆ ಮರೆತಿಲ್ಲ. ಹಿತ್ತಲಲ್ಲಿ ನನಗೆ ಮಜ್ಜಿಗೆ ಕೊಡುತ್ತಿದ್ದ ಹಿತ್ತಾಳೆ ಲೋಟವನ್ನು ನಾನೇ ಹುಣಸೆಹಣ್ಣು ಹಾಕಿ ತೊಳೆದು, ಬಾವಿಕಟ್ಟೆಯ ಮೇಲೆ ಬೋರಲು ಹಾಕಿ ಬರಬೇಕಿತ್ತಲ್ಲ. ನೀನು "ಬಿಡೇ, ನಾನ್ ತೊಳೀತೀನಿ" ಅಂದರೆ ಅವರು ಒಳಗಿನಿಂದಲೇ, "ಅವಳು ಚೆನ್ನಾಗಿ ತೊಳೀತಾಳೆ, ನೀನು ಬಾ" ಅನ್ನೋರು. ನಿಜವಾಗಿ ಚೆನ್ನಾಗಿಯೇ ತೊಳೆಯುತ್ತಿದ್ದೆ. ಇದನ್ನು ಚುಚ್ಚಲು ಬರೆಯುತ್ತಿಲ್ಲ ಕಣೇ. ನಿನಗೊಂದು ವಸ್ತು ಕೊಡಬೇಕು ಅಂದರೆ ನನ್ನ ಕೈ ತಾನಾಗಿಯೇ ಹುಣಸೆಹಣ್ಣಿಗೆ ಹೋಗುತ್ತದೆ, ಅಷ್ಟೇ.

ಹುಣಸೆಹಣ್ಣು ಕಿವುಚಿ, ಉಪ್ಪು ಬೆರೆಸಿ, ಅದರಲ್ಲಿ ನೆನೆಸಿಟ್ಟು ತೆಂಗಿನ ನಾರಿನಲ್ಲಿ ಉಜ್ಜಿದೆ. ರಕ್ತ ಬೇಗ ಬಿಟ್ಟಿತು. ಕಷ್ಟ ಕೊಟ್ಟದ್ದು ಒಡೆದ ಮುಖ. ಅದರಲ್ಲಿ ಅರ್ಧ ಬೆಳ್ಳಿಯ ಹಾಗೆ ಬೆಳ್ಳಗಿತ್ತು. ಇನ್ನರ್ಧ ಒಲೆಯ ಮೇಲಿನ ಪಾತ್ರೆಯ ತಳದ ಹಾಗೆ ಕಪ್ಪು, ಅಂಚಿನಲ್ಲಿ ಕೆಂಪಗೆ ತುಕ್ಕು. ಆ ಕಪ್ಪು ಜಪ್ಪಯ್ಯ ಅಂದರೂ ಬಿಡಲಿಲ್ಲ. ಕೊನೆಗೆ ಇಟ್ಟಿಗೆ ಪುಡಿ ಹಾಕಿ ತಿಕ್ಕಿದ ಮೇಲೆ ಹೋಯಿತು. ಈಗ ಪೂರ್ತಿ ಒಂದೇ ಥರ ಥಳಥಳ ಅನ್ನುತ್ತಿದೆ. ತುಕ್ಕು ಹಿಡಿಯದಿರಲಿ ಅಂತ ಕೊಬ್ಬರಿ ಎಣ್ಣೆ ಸವರಿದ್ದೇನೆ.

ತೊಳೆಯುವಾಗ ಅಳು ಬರಲಿಲ್ಲ. ಚಿಕ್ಕವನಿದ್ದಾಗ ಅವನಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದದ್ದು ನೆನಪಾಯಿತು. ಆಸ್ಪತ್ರೆಯಿಂದ ಅವನನ್ನು ತಂದಾಗ ಬಟ್ಟೆ ಬಿಚ್ಚಲು ನನ್ನನ್ನು ಬಿಡಲಿಲ್ಲವಲ್ಲ, ಇದನ್ನಾದರೂ ನನ್ನ ಕೈಯಾರೆ ತೊಳೆದೆ.

ನಿನ್ನ,
ಗಂಗಾ


ಲಕ್ಕೂರು
4 ಜುಲೈ 2024

ಸುಮಿ,

ನಿನ್ನ ಪತ್ರ ಇವತ್ತು ಬಂತು. ತೊಳೆಯಬೇಡ ಅಂತ ಬರೆದಿದ್ದೀಯ. ನಾನು ತೊಳೆದು ಕಳಿಸಿ ಆಗಿದೆ.

ಏನಾದರೂ ತಪ್ಪಾಯಿತೇ? ನಮ್ಮ ಮನೆಯವರು, "ಕಬ್ಬಿಣಕ್ಕೆ ಹುಣಸೆಹಣ್ಣು ಏನ್ ಮಾಡ್ತದೆ ಬಿಡು, ಅದೇನ್ ಬಟ್ಟೇನಾ ಬಣ್ಣ ಹೋಗಾಕೆ" ಅನ್ನುತ್ತಾರೆ. ಅವರು ಸಮಾಧಾನಕ್ಕೆ ಹೇಳುವುದು ನನಗೆ ಗೊತ್ತಾಗುತ್ತದೆ. ಏನೂ ಆಗಿಲ್ಲ ಅಂತ ಒಂದು ಸಾಲು ಬರೆ.

ಗಂಗಾ


ಜಮ್‌ಷೆಡ್‌ಪುರ
22 ಜುಲೈ 2024

ಚಿ. ವಂಶಿಕೃಷ್ಣನಿಗೆ,

ಆಶೀರ್ವಾದಗಳು. ನಿನ್ನ ಲ್ಯಾಬಿಗೆ ಕಳಿಸಿದ್ದ ತುಂಡು ವಾಪಸು ಬಂತು. ನನ್ನ ಸೂಕ್ಷ್ಮದರ್ಶಕದಲ್ಲಿ ಏನೂ ಸಿಗದಿದ್ದಾಗ, ನಿನ್ನ ಹತ್ತಿರ ಇರುವ ದೊಡ್ಡ ಯಂತ್ರಕ್ಕಾದರೂ ಏನಾದರೂ ಕಂಡೀತು ಅಂತ ಆಸೆಯಿಂದ ಕಳಿಸಿದ್ದೆ. ನಿನಗೂ ಏನೂ ಕಾಣಲಿಲ್ಲ. ಕಾಣುವುದು ಹೇಗೆ? ಪಾರ್ಸೆಲ್ ಬಿಚ್ಚಿದಾಗಲೇ ಅದು ಪೂಜೆಯ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ನನ್ನ ವಿದ್ಯಾರ್ಥಿಯಾಗಿದ್ದ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ತಾಯಿ ಬರೆದಿದ್ದಾಳಲ್ಲ, ಅರ್ಧ ಬಿಳಿ, ಅರ್ಧ ಕಪ್ಪು, ಅಂಚಿನಲ್ಲಿ ತುಕ್ಕು ಅಂತ. ಆ ಕಪ್ಪೇ ಹಳೆಯ ಬಿರುಕು. ತಿಂಗಳುಗಟ್ಟಲೆ ಬಾಯಿಬಿಟ್ಟುಕೊಂಡು ಗಾಳಿ, ನೀರು ಕುಡಿದು ಕಪ್ಪಾದದ್ದು. ಬಿಳಿಯ ಅರ್ಧ ಮಾತ್ರ ಆ ದಿನ ಮುರಿದದ್ದು. ಅಂದರೆ ಆ ಹುಡುಗ ಎತ್ತಿದ್ದು ಒಂದೇ ಅಚ್ಚು ಇರಬಹುದು, ಕೊಕ್ಕೆ ಮೊದಲೇ ಸತ್ತಿತ್ತು. ಅವನ ತಪ್ಪಿಲ್ಲ ಅನ್ನುವುದಕ್ಕೆ ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ಅದು. ಅದನ್ನು ಹೆತ್ತ ತಾಯಿ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿ ತೆಗೆದಳು. ಅದೂ ನನ್ನ ಮನೆಗೆ ಬರುವ ವಸ್ತು ಮಡಿಯಾಗಿರಲಿ ಅಂತ.

ತಾಯಿಯ ವಿವರಣೆಯ ಆಧಾರದ ಮೇಲೆ ವರದಿ ಬರೆಯಬಹುದಲ್ಲ ಮೇಡಂ ಅಂತ ಕೇಳಿದ್ದೀಯ. ಸತ್ತವನ ತಾಯಿಯ ಮಾತನ್ನು ಕಂಪನಿಯ ವಕೀಲರು ಎರಡು ನಿಮಿಷದಲ್ಲಿ ಗಾಳಿಗೆ ತೂರುತ್ತಾರೆ. ಅದು ಆಚೆಗಿರಲಿ. ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ, ಆ ಕಪ್ಪು ಎಲ್ಲಿ ಹೋಯಿತಮ್ಮ ಅಂತ ಕೇಳುತ್ತಾರೆ. ಅವಳು ನಿಜ ಹೇಳುತ್ತಾಳೆ. ಹೇಳುತ್ತಾ ಹೇಳುತ್ತಾ ತಾನು ಏನು ಮಾಡಿದೆ ಅನ್ನುವುದು ಅವಳಿಗೆ ಗೊತ್ತಾಗುತ್ತದೆ. ಆಮೇಲೆ ಅವಳು ಬದುಕುವುದಿಲ್ಲ ವಂಶಿ. ನನಗೆ ಅವಳು ಗೊತ್ತು.

ವಿಚಾರಣೆಯವರಿಗೆ 'ಈ ತುಂಡಿನಿಂದ ಕಾರಣ ಹೇಳಲಾಗದು' ಅಂತ ಬರೆದು ಕಳಿಸಿದ್ದೇನೆ. ಅದು ನಿಜ. ಅವಳಿಗೆ ಏನು ಬರೆಯಬೇಕು ಅನ್ನುವುದೇ ತಿಳಿಯದೆ ಕೂತಿದ್ದೇನೆ. ಏನೂ ಗೊತ್ತಾಗಲಿಲ್ಲ ಅಂದರೆ ಮಗನೇ ತಪ್ಪಿತಸ್ಥ ಅಂತ ಊರು ಅನ್ನುತ್ತದೆ, ನಿಧಾನವಾಗಿ ಅವಳೂ ನಂಬುತ್ತಾಳೆ. ನಿಜ ಬರೆದರೆ ಮಗ ಉಳಿಯುತ್ತಾನೆ, ಅವಳು ಉಳಿಯುವುದಿಲ್ಲ. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದಕ್ಕೆ ಉತ್ತರ ಗೊತ್ತಿಲ್ಲ.

ಈ ವಿಷಯವನ್ನು ಯಾರು ಬಂದು ಕೇಳಿದರೂ ನೀನು ತುಂಡನ್ನು ನೋಡಿಯೇ ಇಲ್ಲ. ಇದೊಂದು ನನಗಾಗಿ ಮಾಡು.

ಇಂತಿ,
ಸುಮೇಧಾ


ಲಕ್ಕೂರು
8 ಆಗಸ್ಟ್ 2024

ಸುಮೇಧಾ,

ತಿಂಗಳಾಯಿತು, ನಿನ್ನಿಂದ ಒಂದಕ್ಷರ ಇಲ್ಲ. ನೀನು ಮೌನವಾಗಿದ್ದೀಯ ಅಂದರೆ ನನ್ನಿಂದಲೇ ಏನೋ ಆಗಿದೆ.

ಸರಿಯಾಗಿ ಉಂಡು ಎಷ್ಟೋ ದಿನವಾಯಿತು. ಸಾರಿಗೆ ಹುಣಸೆಹಣ್ಣು ಹಾಕುವುದನ್ನೇ ಬಿಟ್ಟಿದ್ದೇನೆ. ನಿನ್ನೆ ಆದಿಲಕ್ಷ್ಮಮ್ಮ ಯಾರಿಗೋ ಹೇಳುತ್ತಿದ್ದಳು, ನನಗೆ ಕೇಳಲಿ ಅಂತಲೇ, "ದೊಡ್ಡ ಪ್ರೊಫೆಸರಮ್ಮಂಗೆ ಕಳಿಸವ್ಳಂತೆ. ಏನ್ ಬಂತು? ಮಗ ಮಾಡಿದ್ದು ಕಬ್ಬಿಣದಾಗೂ ಬರ್ದಿರ್ತದೆ." ನಮ್ಮ ಮನೆಯವರು ಈಗೀಗ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಾರೆ. ಅವರಿಗೂ ಅನುಮಾನ ಬಂದಿದೆ. ಮಗನ ಮೇಲೋ, ನನ್ನ ಮೇಲೋ, ಕೇಳಲು ಧೈರ್ಯವಿಲ್ಲ.

ಎರಡರಲ್ಲಿ ಒಂದು ಹೇಳಿಬಿಡು. ನನ್ನ ಮಗ ತಪ್ಪು ಮಾಡಿದನೋ, ಇಲ್ಲ ನಾನು ಮಾಡಿದೆನೋ. ಎರಡನ್ನೂ ಹೊತ್ತುಕೊಂಡು ಇರಲಾರೆ.

ಗಂಗಾ


ಮುಳಬಾಗಿಲು
19 ಆಗಸ್ಟ್ 2024

ಗಂಗಾ,

ಅಮ್ಮನ ವೈದಿಕಕ್ಕೆ ಅಂತ ಊರಿಗೆ ಬಂದಿದ್ದೇನೆ. ಕೋಲು ಹಿಡಿದು ನಡೆಯುವಷ್ಟಾಗಿದೆ. ಇಲ್ಲಿಂದ ಕೋಲಾರ, ಮಾಲೂರು ದಾಟಿದರೆ ನಿಮ್ಮೂರು. ಅಣ್ಣ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದ. ನಾನೇ ಬೇಡ ಅಂದೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಮಗನದು ತಪ್ಪಿಲ್ಲ. ಆ ಕೊಕ್ಕೆಯಲ್ಲಿ ಬಹಳ ಹಿಂದಿನಿಂದಲೂ ಬಿರುಕಿತ್ತು. ನೀನು ಕಂಡ ಕಪ್ಪು ಅದೇ. ಅರ್ಧ ಮುರಿದೇ ಇದ್ದ ಕೊಕ್ಕೆಯನ್ನು ಯಾರೂ ನೋಡದೆ, ಬದಲಾಯಿಸದೆ ಕೆಲಸಕ್ಕೆ ಬಿಟ್ಟಿದ್ದರು. ಕಾಂತರಾಜ್ ಅಲ್ಲದೆ ಬೇರೆ ಯಾರು ನಿಂತಿದ್ದರೂ ಅದು ಮುರಿಯುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೀನು ತೊಳೆದದ್ದರಿಂದ ಏನೂ ಆಗಿಲ್ಲ. ಹುಣಸೆಹಣ್ಣು ಮೇಲುಮೇಲಿನ ಕೊಳೆಯನ್ನಷ್ಟೇ ತೆಗೆಯುತ್ತದೆ. ಬರಿಗಣ್ಣಿಗೆ ಥಳಥಳ ಅಂದರೂ, ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಆ ಕಪ್ಪು ಹಾಗೇ ಇತ್ತು. ತೊಳೆಯಬೇಡ ಅಂತ ನಾನು ಬರೆದದ್ದು ಎಲ್ಲರಿಗೂ ಬರೆಯುವ ಮಾತು.

ತಪ್ಪು ನನ್ನಿಂದ ಆಯಿತು. ಇನ್ನೂ ಚೆನ್ನಾಗಿ ಕಾಣಲಿ ಅಂತ, ಫೋಟೊ ತೆಗೆಯುವ ಮೊದಲೇ ಅದನ್ನು ಆಸಿಡ್ಡಿನಲ್ಲಿ ಅದ್ದಿದೆ. ಅಷ್ಟರಲ್ಲಿ ಯಾರದೋ ಫೋನ್ ಬಂತು. ಮಾತಾಡಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು, ಕಪ್ಪು ಎಲ್ಲ ಕರಗಿಹೋಗಿತ್ತು. ಮೊದಲ ವರ್ಷದ ಹುಡುಗರು ಮಾಡುವ ತಪ್ಪು. ವಿಚಾರಣೆಯವರಿಗೆ ತೋರಿಸಲು ನನ್ನ ಹತ್ತಿರ ಈಗ ಏನೂ ಇಲ್ಲ, ಅದಕ್ಕೇ ಅವರಿಗೆ ಹೇಳಲಾಗದು ಅಂತ ಬರೆದೆ. ನಿನಗೆ ಬರೆಯಲು ಮುಖವಿಲ್ಲದೆ ಇಷ್ಟು ದಿನ ಸುಮ್ಮನಿದ್ದೆ.

ಈ ಪತ್ರವನ್ನು ಬಚ್ಚಿಡಬೇಡ. ನಿಮ್ಮ ಯಜಮಾನರು ಮುನಿಕೃಷ್ಣಪ್ಪನವರಿಗೆ, ಆವಲಪ್ಪನವರಿಗೆ, ಯಾರಿಗೆ ಬೇಕೋ ಅವರಿಗೆ ಓದಿ ಹೇಳು. ನನ್ನ ಹೆಸರು, ಕಾಲೇಜಿನ ವಿಳಾಸ ಎಲ್ಲ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಹೊಟ್ಟೆ ತುಂಬ ಊಟ ಮಾಡು. ನಿನ್ನನ್ನು ಕೇಳಿಕೊಳ್ಳುವುದು ಅದೊಂದೇ.

ಸುಮೇಧಾ


ಲಕ್ಕೂರು
14 ಸೆಪ್ಟೆಂಬರ್ 2024

ಪ್ರೊಫೆಸರ್ ಸುಮೇಧಾ ಅವರಿಗೆ,

ನಿಮ್ಮ ಪತ್ರ ಓದಿದ ದಿನ ನನ್ನ ಬಾಯಲ್ಲಿ ಬಂದ ಮಾತುಗಳನ್ನು ಕಾಗದದ ಮೇಲೆ ಬರೆಯಲಾಗದು. ಕಾಂತರಾಜನ ಅಪ್ಪ ಅದನ್ನು ತೆಗೆದುಕೊಂಡು ಹೋಗಿ ಅರಳಿಕಟ್ಟೆಯ ಹತ್ತಿರ ಎಲ್ಲರ ಮುಂದೆ ಓದಿದರು. ಆವಲಪ್ಪನವರು ಇನ್ನೊಂದು ಸಲ ಓದಿಸಿದರು. ಆಮೇಲೆ ಟವಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರಂತೆ.

ಅವತ್ತು ಸಾಯಂಕಾಲ ಆದಿಲಕ್ಷ್ಮಮ್ಮ ನಮ್ಮ ಬಾಗಿಲಿಗೆ ಬಂದಳು. ದುಃಖ ಉಕ್ಕಿದರೆ ಅವಳಿಗೆ ತವರಿನ ತೆಲುಗೇ ಬರುವುದು. "ನೀ ಕೊಡುಕು ತಪ್ಪೇಮೀ ಲೇದಮ್ಮಾ" ಅಂದಳು, ನಿನ್ನ ಮಗನದೇನೂ ತಪ್ಪಿಲ್ಲವಮ್ಮ ಅಂತ. ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ವೆಂಕಟ್‌ನನ್ನೂ ಕರೆತಂದು ನಮ್ಮ ಕಾಂತರಾಜನ ಫೋಟೊದ ಮುಂದೆ ಕೂರಿಸಿದರು. ಅವಳು ತಂದಿದ್ದ ಮುದ್ದೆ, ಸೊಪ್ಪಿನ ಸಾರನ್ನು ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು. ಉಣ್ಣುತ್ತಾ ಇಬ್ಬರೂ ಸೇರಿ ನಿಮಗೆ ಶಾಪ ಹಾಕಿದೆವು.

ವಿಚಾರಣೆ ಕಾರಣ ಖಚಿತವಿಲ್ಲ ಅಂತ ಮುಗಿಯಿತು. ಕಂಪನಿಯವರು ತಪ್ಪಿಸಿಕೊಂಡರು. ತಪ್ಪಿಸಿದವರು ನೀವು. ನಿಮ್ಮ ಕಾಲೇಜಿಗೆ ಊರಿನವರೆಲ್ಲ ಸಹಿ ಹಾಕಿ ಬರೆದು ಕಳಿಸಿದ್ದೇವೆ, ಇನ್ನು ಯಾರ ಮನೆಯ ಕಬ್ಬಿಣವನ್ನೂ ನಿಮ್ಮ ಕೈಗೆ ಕೊಡಬಾರದು ಅಂತ. ನನ್ನದೇ ಮೊದಲ ಸಹಿ. ಮುಳಬಾಗಿಲಿನವರೆಗೆ ಬಂದವರಿಗೆ ಇಲ್ಲಿಗೆ ಬಂದು ಮುಖ ತೋರಿಸುವ ಧೈರ್ಯ ಇರಲಿಲ್ಲವಲ್ಲ. ಇನ್ನು ಮುಂದೆ ನನಗೆ ಬರೆಯಬೇಡಿ.

ಒಂದು ಮಾತು ಮಾತ್ರ ಹೇಳದೆ ಇರಲಾರೆ. ನನ್ನ ಕೈ ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಆ ಕಪ್ಪಿಗೆ ಏನೂ ಆಗಿರಲಿಲ್ಲ. ನೀವೇ ಹಾಗೆ ಬರೆದಿದ್ದೀರಿ. ಅದನ್ನು ನಿಮಗೆ ಕಳಿಸದೆ ನಾನೇ ಇಟ್ಟುಕೊಂಡಿದ್ದರೆ ನನ್ನ ಮಗನ ಸಾಕ್ಷಿ ಇವತ್ತಿಗೂ ನನ್ನ ಮನೆಯಲ್ಲಿ ಭದ್ರವಾಗಿರುತ್ತಿತ್ತು.

ಗಂಗಾಲಕ್ಷ್ಮಿ
ಕಾಂತರಾಜನ ತಾಯಿ